ಅವಳು ಕೂತ ಕಡೆ

ಹದಿನೆಂಟನೆಯ ದಿನ ದೊಡ್ಡ ಡಾಕ್ಟರು ಅವನನ್ನು ಎಬ್ಬಿಸಿ ನಿಲ್ಲಿಸದೆಯೇ ಫೈಲಿನಲ್ಲಿ "ಸುಧಾರಣೆ ಇಲ್ಲ, ಮನೆಗೆ ಕಳಿಸಿ" ಎಂದು ಬರೆದರು. ಕೆಳಗೆ ನರ್ಸಿನ ಸಹಿಗೆ ಜಾಗ ಬಿಟ್ಟರು. ಅದು ಬೀಳದೆ ರೋಗಿಯನ್ನು ಕಳಿಸುವಂತಿರಲಿಲ್ಲ.

ಆ ಖಾಲಿ ಜಾಗ ನೋಡಿ, ಅಷ್ಟೂ ದಿನ ಅವನನ್ನು ನೋಡಿಕೊಂಡಿದ್ದ ನರ್ಸು ಅವಳ ಮೈ ಉರಿಯಿತು. ಸ್ಟ್ರೋಕ್ ಆಗಿ ಬಂದ ಬುಕ್ ಬೈಂಡರ್ ಅವನು. ಎಡಗೈ, ಎಡಗಾಲು ಸೋತಿದ್ದವು. ಅಷ್ಟೇ ಆಗಿದ್ದರೆ ಸರಿ. ಲೋಕಕ್ಕೆ ಎಡಗಡೆ ಅಂತ ಒಂದಿದೆ ಎಂಬುದೇ ಅವನ ಮಿದುಳಿಗೆ ಮರೆತುಹೋಗಿತ್ತು. ತಟ್ಟೆಯ ಬಲಭಾಗ ಮಾತ್ರ ಖಾಲಿ ಮಾಡಿ ಊಟ ಸಾಲಲಿಲ್ಲವೆಂದು ತಕರಾರು ಮಾಡುತ್ತಿದ್ದ. ಬಲಗೆನ್ನೆಯಷ್ಟನ್ನೇ ಬೋಳಿಸಿಕೊಂಡು ಮದುಮಗನ ಹಾಗೆ ಕನ್ನಡಿ ನೋಡುತ್ತಿದ್ದ.

ಅದಕ್ಕೇ ಅವಳು ನೀರಿನ ಲೋಟ, ಬಾಚಣಿಗೆ ಎಲ್ಲವನ್ನೂ ಎಡಗಡೆ ಇಡುತ್ತಿದ್ದಳು. ತಾನೂ ಸ್ಟೂಲು ಎಳೆದುಕೊಂಡು ಅಲ್ಲೇ ಕೂರುತ್ತಿದ್ದಳು. ಮಾತು ಬೇಕಾದರೆ ತಿರುಗಲಿ. ಅವನ ಅಕ್ಕನಿಗೋ ತಮ್ಮನೆಂದರೆ ಪ್ರಾಣ. ಸಂಜೆ ಬಂದವಳೇ ಎಲ್ಲವನ್ನೂ ಬಲಗಡೆಗೆ ಸಾಗಿಸಿ, ಬಾಯಿಗೆ ತುತ್ತಿಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಇವಳದು ಮತ್ತೆ ಮೊದಲಿಂದ. ಎಷ್ಟು ಹೇಳಿದರೂ ಅಷ್ಟೇ. ಪ್ರೀತಿಸುವವರ ಕಾಟಕ್ಕೆ ಯಾವ ವಾರ್ಡಿನಲ್ಲೂ ಮದ್ದಿಲ್ಲವಲ್ಲ ಎಂದು ಹಲ್ಲು ಕಚ್ಚುತ್ತಿದ್ದಳು.

ಹತ್ತನೆಯ ದಿನ ಅವನ ನೋಟ ಮೂಗು ದಾಟಿ ಎಡಕ್ಕೆ ಬಂತು. ಮೊದಲು ಅವಳ ಭುಜ, ಆಮೇಲೆ ಕಿವಿಯ ಓಲೆ. ಓಲೆಯಲ್ಲೇ ಮೂರು ದಿನ ಸಿಕ್ಕಿಕೊಂಡಿತು. ಹದಿನಾಲ್ಕನೆಯ ದಿನ ಪೂರ್ತಿ ಮುಖಕ್ಕೆ ಬಂದದ್ದು ಅಲ್ಲಿಂದ ಕದಲಲೇ ಇಲ್ಲ. ಲೋಟ ಇನ್ನೂ ಆಚೆಗಿದೆ, ಅದನ್ನು ನೋಡಿ ಎಂದು ಗದರಿದಳು. ಬಾಯಾರಿಕೆ ಇಲ್ಲವೆಂದ.

ನಿನ್ನೆ ಅವಳ ಹೆಗಲು ಹಿಡಿದು ನಾಲ್ಕು ಹೆಜ್ಜೆ ನಡೆದಿದ್ದ. ಅವಳು ಅದನ್ನು ಗಂಟೆ ಸಮೇತ ಬರೆದಿಟ್ಟಿದ್ದಳು. ಓದಿದವರಾರು? ನರ್ಸು ಬರೆಯುವುದು ಹಾಳೆ ತುಂಬಲಿಕ್ಕೆ, ಡಾಕ್ಟರು ಬರೆಯುವುದು ಜನರನ್ನು ಕಳಿಸಲಿಕ್ಕೆ.

ಹಾಸಿಗೆ ಮಧ್ಯಾಹ್ನದೊಳಗೆ ಖಾಲಿಯಾಗಬೇಕು, ಬೇಗ ಸಹಿ ಹಾಕು ಎಂದು ಹೆಡ್ ನರ್ಸು ಪೆನ್ನು ಕೊಟ್ಟರು. ಅವಳು ಫೈಲು ಹಿಡಿದು ಅವನ ಬಳಿಗೆ ಹೋದಳು. ಇನ್ನು ಆರು ವಾರ ಇಲ್ಲಿ ಅಭ್ಯಾಸ ನಡೆದರೆ ಕೋಲೂರಿಕೊಂಡು ಅಂಗಡಿಗೆ ಹೋಗಬಹುದು, ಈಗಲೇ ಹೋದರೆ ಅಕ್ಕನ ತುತ್ತಿಗೆ ಬಾಯಿ ತೆರೆದು ಮಲಗಿರಬೇಕಾಗುತ್ತದೆ ಎಂದು ಬಿಡಿಸಿ ಹೇಳಿದಳು. ಅವನು ಕೇಳಿಸಿಕೊಂಡದ್ದೇ ಬೇರೆ.

"ಮನೆಗೆ ಹೋದ್ರೆ ನಾನು ನಿಮ್ಮ ಪೇಷಂಟ್ ಅಲ್ಲ, ಅಲ್ವಾ?" ನಾಲಗೆ ಇನ್ನೂ ತುಸು ತೊದಲುತ್ತಿತ್ತು.

"ಅಲ್ಲ."

"ಹಾಗಾದ್ರೆ ಕೇಳ್ಬಹುದು. ಇಲ್ಲಿ ಕೇಳಿದ್ರೆ ಬೈತೀರಿ."

"ಏನು ಕೇಳೋದು?"

"ನಿಮಗೆ ಗೊತ್ತು. ಸಹಿ ಹಾಕ್ಬಿಡಿ."

ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಲೆ ಕೆಟ್ಟುಹೋಯಿತು. ಒಂದು ಸಹಿಗೆ ಇವನು ಇವತ್ತೇ ತನ್ನವನಾಗುತ್ತಾನೆ. ಅವನ ಕಾಲು ಮಾತ್ರ ಅವನದಾಗುವುದಿಲ್ಲ.

"ನಿಮ್ಮ ಜೊತೆ ಇಷ್ಟು ದಿನ ಗುದ್ದಾಡಿದ್ದು ಇದಕ್ಕಾ? ಆರು ವಾರ ಕಾಯೋಕೆ ಏನು ರೋಗ ನಿಮಗೆ?"

"ನೀವು ಕಾಯ್ತೀರಾ?"

ಅವಳು ಅವನ ದಿಂಬನ್ನು ಬೇಕಾದ್ದಕ್ಕಿಂತ ಜೋರಾಗಿ ತಟ್ಟಿ ಸರಿಮಾಡಿದಳು. "ಕಾಯ್ತೀನಿ. ಬೈಕೊಂಡೇ ಕಾಯ್ತೀನಿ."

ಹೆಡ್ ನರ್ಸು ಬಾಗಿಲಲ್ಲಿ ನಿಂತು ಸಹಿ ಆಯಿತೇ ಎಂದು ಕೇಳಿದರು. ಅವಳು ಪೆನ್ನಿನ ಕ್ಯಾಪು ಮುಚ್ಚಿ ಅವರ ಕೈಗೇ ವಾಪಸು ಕೊಟ್ಟಳು.

"ಇವರು ನಿನ್ನೆ ನಾಲ್ಕು ಹೆಜ್ಜೆ ನಡೆದಿದ್ದಾರೆ ಮೇಡಂ. ನಾನು ಹಾಕಲ್ಲ."