ಆನೆಯ ಮೇಲೆ ಇರಲಿರಾಯ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದಾಗ, ಕನ್ನಡಿಪುರ ಅಂತ ಒಂದು ರಾಜ್ಯವಿತ್ತು. ಅದು ಇದ್ದದ್ದು ಕನ್ನಡಿಯೊಳಗೆ. ನೀವು ಯಾವ ದೇಶದಲ್ಲೇ ಇರಿ, ಮನೆಯ ಕನ್ನಡಿ ಒರೆಸಿ ಮುಂದೆ ಕೂತರೆ ಸಾಕು, ಒಳಗೆ ಹೋಗಬಹುದಿತ್ತು. ಅಲ್ಲಿ ಆಡಿದ ಮಾತು, ನಕ್ಕ ನಗು, ಇಟ್ಟ ಹೆಜ್ಜೆ ಎಲ್ಲವನ್ನೂ ಒಂದು ಬಿಳಿ ಆನೆ ಹೊತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಕನ್ನಡಿಯಿಂದ ಕನ್ನಡಿಗೆ ಮುಟ್ಟಿಸುತ್ತಿತ್ತು. ಊರಿನ ಗಿಡ, ಗೋಪುರ, ಒಡವೆಗಳನ್ನೂ ಅದೇ ಹೊರಬೇಕು. ಎಲ್ಲರಿಗೂ ಎಲ್ಲವೂ ಕಾಣಬೇಕಲ್ಲ!

ಬೆಳ್ಳಿ, ಕೆಂಪಿ ಒಂದೇ ಬೀದಿಯಲ್ಲಿ ಬೆಳೆದ ಗೆಳತಿಯರು. ಲಂಗ ಎತ್ತಿ ಕಟ್ಟಿ ಕೋಲಾಟ ಆಡಿದವರು. ಮದುವೆಯಾಗಿ ಬೆಳ್ಳಿ ಬೆಟ್ಟದ ದೇಶಕ್ಕೆ, ಕೆಂಪಿ ಕಡಲಾಚೆಗೆ ಹೋದರು. ತಲೆ ನರೆತರೂ ಹುಣ್ಣಿಮೆಯ ಸಂಜೆ ಕನ್ನಡಿಪುರದಲ್ಲಿ ಸೇರಿ ಕೋಲು ಹಿಡಿಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಈಚೀಚೆಗೆ ಏನಾಯಿತೋ, ಕೋಲಿಗೆ ಕೋಲು ತಾಗುತ್ತಲೇ ಇರಲಿಲ್ಲ. ಕೆಂಪಿ ಹೊಡೆದಾಗ ಬೆಳ್ಳಿಯ ಕೋಲು ಇನ್ನೂ ಸೊಂಟದ ಹತ್ತಿರ. ಬೆಳ್ಳಿ ಹೊಡೆದಾಗ ಕೆಂಪಿ ಆಗಲೇ ತಿರುಗಿ ಆಯ್ತು.

ಒಂದು ಸಂಜೆ ಕೆಂಪಿ, "ಮೊಮ್ಮಗಳು ಹುಟ್ಟಿದಳು ಕಣೇ, ನಿನ್ನ ಹೆಸರೇ ಇಟ್ಟೆ" ಅಂದಳು. ಬೆಳ್ಳಿ ಕುಣಿದು ಕುಪ್ಪಳಿಸಿ ನಕ್ಕಳು. ಆದರೆ ಕೆಂಪಿಯ ಕಣ್ಣಿಗೆ ಅವಳು ಗೊಂಬೆಯ ಹಾಗೆ ನಿಂತೇ ಇದ್ದಳು. ಆ ನಗು ಕೆಂಪಿಯನ್ನು ಮುಟ್ಟಿದ್ದು ಯಾವಾಗ? ಅವಳು, "ನಮ್ಮ ಯಜಮಾನರ ಕಾಲು ಮುರಿದಿದೆ" ಎನ್ನುವಾಗ!

"ನಗ್ತೀಯೇನೇ?" ಕೆಂಪಿ ಕೋಲು ಕೆಳಗೆ ಹಾಕಿದಳು. "ಬರೋ ಹುಣ್ಣಿಮೆಗೂ ಹೀಗೇ ಆದರೆ ಕನ್ನಡಿಗೆ ಬಟ್ಟೆ ಮುಚ್ಚಿಬಿಡ್ತೀನಿ. ಆಮೇಲೆ ನೀನ್ಯಾರೋ, ನಾನ್ಯಾರೋ."

ಎಲ್ಲ ಹೊತ್ತು ತರುವ ಆನೆಗೇ ಏನೋ ಆಗಿದೆ ಅಂತ ಬೆಳ್ಳಿಗೆ ಹೊಳೆಯಿತು. ಸೆರಗು ಬಿಗಿದು ಆನೆಯನ್ನು ಹುಡುಕಿ ಹೊರಟಳು. ಅಯ್ಯೋ ಪಾಪ! ಆನೆ ಮಂಡಿಯೂರಿ ಏದುಸಿರು ಬಿಡುತ್ತಿತ್ತು. ಬೆನ್ನ ಮೇಲೆ ಗುಡ್ಡದಂಥ ಒಬ್ಬ ಮಾಯಾವಿ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಯಾರಯ್ಯ ನೀನು?"

"ಇರಲಿರಾಯ. ಬೇಡದ ವಸ್ತು ನೋಡಿ ಯಾರು 'ಇರಲಿ ಬಿಡು' ಅಂದರೂ ನನ್ನ ಹೊಟ್ಟೆ ಒಂದು ಸುತ್ತು ದೊಡ್ಡದಾಗುತ್ತೆ."

"ತಾಯಿ," ಆನೆ ನರಳಿತು, "ಇಟ್ಟವರೇ ಬಾಯಿಬಿಟ್ಟು 'ಬೇಡ' ಅನ್ನಬೇಕು. ಆಗ ಇವನು ಕರಗ್ತಾನೆ."

ಬೆಳ್ಳಿ ಮೊದಲು ಪೇಟೆಗೆ ಹೋದಳು. ಅಂಗಡಿಗೊಂದು ಹಾಡುವ ಕಾರಂಜಿ, ಎಲ್ಲವೂ ಒಟ್ಟಿಗೆ ಕಿರುಚುತ್ತಿದ್ದವು.

"ಇರಲಿ ಬಿಡಮ್ಮ, ಅದೇನು ಅನ್ನ ಕೇಳುತ್ತಾ?" ಅಂದ ಹೂವಾಡಿಗ.

"ಅನ್ನ ಕೇಳಲ್ಲಪ್ಪ, ಆನೆಯ ಪ್ರಾಣ ಕೇಳುತ್ತೆ. ನೀನು ಈ ಹಾಡನ್ನ ಕೊನೆಗೆ ಕೇಳಿದ್ದು ಯಾವಾಗ?"

ಹೂವಾಡಿಗ ತಲೆ ಕೆರೆದುಕೊಂಡ. ನೆನಪಾಗಲಿಲ್ಲ. "ಬೇಡ" ಅಂದ. ಅವನನ್ನು ನೋಡಿ ಪೇಟೆಗೆ ಪೇಟೆಯೇ "ಬೇಡ" ಅಂದಿತು. ಇರಲಿರಾಯ ಒಂದಿಷ್ಟು ಕರಗಿದ.

ಆಮೇಲೆ ಅರಮನೆ. ರಾಜನ ಕಿರೀಟದ ಸುತ್ತ ಚಿನ್ನದ ದುಂಬಿಗಳ ಹಿಂಡು ಮಿನುಗುತ್ತಾ ಹಾರುತ್ತಿತ್ತು.

"ಇರಲಿ, ರಾಜ ಅಂದಮೇಲೆ ಬೇಡವೇ?" ಅಂದ ಅವನು.

"ಮಹಾಪ್ರಭು, ತಾವು ಆಶೀರ್ವಾದಕ್ಕೆ ಎತ್ತಿದ ಕೈ ನಮಗೆ ಕಾಣೋದು ನಾವು ಮನೆಗೆ ಹೋಗಿ ಉಂಡ ಮೇಲೆ."

ರಾಜ ಗೊಳ್ಳೆಂದು ನಕ್ಕ. ಆ ನಗುವೂ ಬೆಳ್ಳಿಯನ್ನು ಮುಟ್ಟಲು ಎಷ್ಟೋ ಹೊತ್ತು ಹಿಡಿಯಿತು. ಅದನ್ನು ಕಂಡು ರಾಜನಿಗೇ ನಾಚಿಕೆಯಾಗಿ, "ಬೇಡ" ಅಂದ. ಇರಲಿರಾಯ ಮತ್ತಷ್ಟು ಕರಗಿದ.

ಹುಣ್ಣಿಮೆ ಬಂತು. ಆನೆ ಎದ್ದು ನಿಂತಿತ್ತು, ಆದರೂ ಕುಂಟುತ್ತಿತ್ತು.

"ಇನ್ನು ಯಾರದು ಉಳಿದಿದೆಯೋ?" ಬೆಳ್ಳಿ ಗದರಿದಳು.

ಇರಲಿರಾಯ ಕಿಸಕ್ಕನೆ ನಕ್ಕ. "ನಿನ್ನದೇ!"

ಹೌದು. ಬೆಳ್ಳಿ ಅಲ್ಲೇ, ಕೋಲಾಟದ ಬಯಲಿನಲ್ಲಿ, ತಮ್ಮ ಹಳೆಯ ಬೀದಿಯನ್ನು ಇದ್ದ ಹಾಗೇ ಕಟ್ಟಿಟ್ಟಿದ್ದಳು. ಎಲೆ ಎಲೆಯೂ ಅಲುಗುವ ಹೊಂಗೆಮರ. ಅವ್ವ ಸೀರೆ ಒಗೆಯುತ್ತಿದ್ದ ಕಲ್ಲು. ಹುಣಸೆಹಣ್ಣು ಬಚ್ಚಿಡುತ್ತಿದ್ದ ಗೋಡೆಯ ಬಿರುಕು. ಜೋಕಾಲಿಯಲ್ಲಿ ಜೀಕುತ್ತಿದ್ದ, ಹಲ್ಲುಬಿದ್ದ ಪುಟ್ಟ ಕೆಂಪಿಯ ಬೊಂಬೆ. ಹೊರಗಿನ ಲೋಕದಲ್ಲಿ ಆ ಬೀದಿ ಈಗ ಇರಲಿಲ್ಲ, ಇದ್ದದ್ದು ಇಲ್ಲೊಂದೇ. ಬೆಳ್ಳಿಗೆ ಅಳು ಉಕ್ಕಿ ಬಂತು. ಹೊಂಗೆಯ ನೆರಳಲ್ಲಿ ನಿಂತು ಕಲ್ಲನ್ನು ಸವರಿದಳು. "ಇದೊಂದು ಇರ..." ಅಂತ ತುಟಿ ಅಲುಗಿತು. ಇರಲಿರಾಯ ಆಸೆಯಿಂದ ಬಾಯಿ ತೆರೆದ.

ಬೊಂಬೆ ಕೆಂಪಿ ನಗುತ್ತಲೇ ಇತ್ತು. ಅದು ಏನೂ ಕೇಳುತ್ತಿರಲಿಲ್ಲ, ಯಾವ ಮಾತಿಗೂ ಮುನಿಸಿಕೊಳ್ಳುತ್ತಿರಲಿಲ್ಲ.

"ಬೇಡ" ಅಂದಳು ಬೆಳ್ಳಿ.

ಮರ ಹೋಯಿತು, ಕಲ್ಲು ಹೋಯಿತು, ಜೋಕಾಲಿ ಹೋಯಿತು. ಇರಲಿರಾಯ ಉಪ್ಪಿನ ಹರಳಿನಂತೆ ಕರಗಿ ಇಲ್ಲವಾದ. ಆನೆ ಸೊಂಡಿಲೆತ್ತಿ ಘೀಳಿಟ್ಟು ಓಡಿತು.

ಬರಿಯ ಬಯಲಿಗೆ ಕೆಂಪಿ ಮುಖ ಊದಿಸಿಕೊಂಡೇ ಬಂದಳು. ಕೋಲೆತ್ತಿದಳು. ಬೆಳ್ಳಿಯೂ ಎತ್ತಿದಳು.

ಟಕ್!

ಇಬ್ಬರೂ ಬೆಚ್ಚಿಬಿದ್ದರು. ಮತ್ತೆ ಟಕ್, ಮತ್ತೆ ಟಕ್. ಕೆಂಪಿ ನಕ್ಕಳು, ಅವಳ ಜೊತೆಜೊತೆಗೇ ಬೆಳ್ಳಿ ನಕ್ಕಳು.

"ನಮ್ಮ ಬೀದಿ ಎಲ್ಲೇ?"

"ಬಿಟ್ಟೆ ಕಣೇ."

"ಜೋಕಾಲಿ?"

"ಅದನ್ನೂ."

ಕೆಂಪಿಯ ಕಣ್ಣು ತುಂಬಿದಾಗಲೇ ಬೆಳ್ಳಿಯ ಕಣ್ಣೂ ತುಂಬಿತು. ಆಮೇಲೆ ಆಡಿದರು ಆಡಿದರು, ಮಂಡಿನೋವು ಮರೆತು ಆಡಿದರು. ಕನ್ನಡಿಪುರದವರೆಲ್ಲ ಸುತ್ತ ನಿಂತು ತಾಳ ಹಾಕಿದರು, ಒಂದು ಚಪ್ಪಾಳೆಯೂ ತಪ್ಪಲಿಲ್ಲ. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಹಗುರಾಗಿ, ಸುಖವಾಗಿ ಬಾಳಿದರು.

ಆ ಸಂಜೆ ಕೊನೆಗೆ ಕೆಂಪಿ, "ಹೊತ್ತಾಯ್ತು, ಹೋಗಿ ಬರಲೇನೇ?" ಅಂದಳು.

"ಇರೇ, ಇನ್ನೊಂದು ಸುತ್ತು" ಅಂದಳು ಬೆಳ್ಳಿ.

ಆನೆ ಆ ಮಾತನ್ನು ಆಡಿದ ಕ್ಷಣಕ್ಕೇ ಮುಟ್ಟಿಸಿತು. ಕೆಂಪಿ ಇದ್ದಳು.