ಸೈಡ್‌ಕಾರಿನೊಳಗಿನ ಭಾರ

ಮಂಗಳವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಕೋಥರೂಡದ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬರಿಗಾಲಲ್ಲಿ ಓಡಿಬಂದಳು. ವಿಮಾ ಕಚೇರಿಯ ಗುಮಾಸ್ತೆ ನೀಲಿಮಾ. ಗಾಡಿ ಕಳುವಾಗಿದೆ ಎಂದು ಮರಾಠಿಯಲ್ಲಿ ಶುರುಮಾಡಿದವಳು, ಮೇಜಿನ ಮೇಲೆ ಇನ್ಸ್‌ಪೆಕ್ಟರ್ ಓಂಕಾರ್ ಬೆಲ್ಲದ ಎಂಬ ಕನ್ನಡದವರ ಹೆಸರು ಕಂಡದ್ದೇ ಕನ್ನಡಕ್ಕೆ ಹೊರಳಿದಳು.

"ಗಾಡಿ ಹಾಳಾಗಿ ಹೋಗ್ಲಿ ಸಾಹೇಬ್ರ, ಅದರಾಗ ನಮ್ಮವ್ವ ಅದಾಳ್ರಿ!"

ಸಣ್ಣ ಬೈಕು, ಅದರ ಎಡಕ್ಕೆ ಜೋಡಿಸಿದ, ಒಬ್ಬರು ಕೂರುವಂಥ ಒಂಟಿಗಾಲಿಯ ಸೈಡ್‌ಕಾರು. ತಾಯಿ ಕೃಷ್ಣಾಬಾಯಿಗೆ ಲಕ್ವಾ ಹೊಡೆದು ಬಲಮೈಯೂ ಮಾತೂ ಬಿದ್ದುಹೋಗಿದ್ದವು. ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ನೀಲಿಮಾ ಬಿಸಿಲೆಂದು ತಾಯಿಯ ಮೇಲೆ ತಾಡಪಾಲು ಎಳೆದು, ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಔಷಧಿ ಅಂಗಡಿಗೆ ಇಳಿದಿದ್ದಳು.

"ಒದರಲಿಕ್ಕೂ ಬರಂಗಿಲ್ರಿ ಆಕಿಗೆ," ಎಂದಳು.

ಎಫ್‌ಐಆರ್ ಆಯಿತು, ನಾಕಾಬಂದಿಗೆ ಹೇಳಿದ್ದಾಯಿತು. ಕಾನ್‌ಸ್ಟೆಬಲ್ ಕೇತಕಿ ಅಂಗಡಿಯ ಸಿಸಿಟಿವಿ ದೃಶ್ಯ ತಂದರು. ಹೆಲ್ಮೆಟ್ಟು ಹಾಕಿದವನ ಮುಖ ಕಾಣಲೊಲ್ಲದು. ಆದರೆ ಎಡಕ್ಕೆ ತಿರುಗುವಾಗ ಆತ ಇಡೀ ಮೈಯನ್ನು ಸೈಡ್‌ಕಾರಿನ ಮೇಲೆ ಚಾಚಿದ್ದ.

"ಹಂಗ್ಯಾಕ ಬಗ್ಗತಾನ?" ಬೆಲ್ಲದ ಕೇಳಿದರು.

"ಎಡಕ್ಕ ತಿರಗೂ ಮುಂದ ಸೈಡ್‌ಕಾರ್ ಎದ್ದು ಬಿಡ್ತದ್ರಿ. ಖಾಲಿ ಹೋಗೂದಿದ್ರ ಒಳಗ ಉಸುಕಿನ ಚೀಲ ಇಡತೀವಿ," ಎಂದಳು ನೀಲಿಮಾ.

"ನಿಮಗ ಇದನ್ನ ಕಲಿಸಿದವರು ಯಾರು?"

"ಜೋಡಿಸಿ ಕೊಟ್ಟವನ. ಚಿಂಚವಾಡದ ವೆಲ್ಡರ್ ಚಲುವರಾಜು." ಹೇಳುತ್ತಲೇ ಆಕೆಯ ಮುಖ ಬಿಳಿಚಿತು.

ಅಲ್ಲವೇ ಮತ್ತೆ? ಬೇರೆ ಯಾವ ಕಳ್ಳನಾದರೂ ಮೊದಲ ತಿರುವಿನಲ್ಲೇ ಗಟಾರ ಸೇರುತ್ತಿದ್ದ. ಬೆಲ್ಲದರಿಗೆ ಇನ್ನೊಂದು ವಿಷಯ ಹೊಳೆಯಿತು. ಗಾಡಿ ಭಾರವಾಗಿದ್ದರೂ ಅವನು ತಾಡಪಾಲು ಎತ್ತಿ ನೋಡುವುದಿಲ್ಲ. ಒಳಗಿರುವುದು ಉಸುಕಿನ ಚೀಲವೆಂದೇ ತಿಳಿದಿರುತ್ತಾನೆ.

ಚಲುವರಾಜುವಿನ ಫೋನು ಬಂದ್ ಆಗಿತ್ತು. ಜೀಪು ಚಿಂಚವಾಡಕ್ಕೆ ಓಡಿತು. ನೀಲಿಮಾ ದಾರಿಯುದ್ದಕ್ಕೂ "ಅವ್ವಾ, ಅವ್ವಾ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಕೇತಕಿ ಆಕೆಯ ಕೈ ಹಿಡಿದುಕೊಂಡರು.

ಶೆಡ್ಡಿನ ಶಟರು ಅರ್ಧ ಇಳಿದಿತ್ತು. ಒಳಗಿನಿಂದ ಕಬ್ಬಿಣ ಕೊಯ್ಯುವ ಗ್ರೈಂಡರಿನ ಚೀರಾಟ. ಬೆಲ್ಲದ ಬಗ್ಗಿ ನುಗ್ಗಿದರು. ಚಲುವರಾಜು ಸೈಡ್‌ಕಾರನ್ನು ಬೈಕಿಗೆ ಬಿಗಿದಿದ್ದ ಮುಂದಿನ ಕ್ಲ್ಯಾಂಪು ಕತ್ತರಿಸುತ್ತಿದ್ದ. ಕಿಡಿಗಳು ಬಿದ್ದು ತಾಡಪಾಲಿನ ಮೂಲೆ ಹೊಗೆಯಾಡುತ್ತಿತ್ತು.

"ನಿಲ್ಸೋ! ಒಳಗ ಮನಶ್ಯಾರ ಅದಾರ!"

ಬೆಲ್ಲದ ವೈರು ಕಿತ್ತೆಸೆದರು. ಕೇತಕಿ ತಾಡಪಾಲು ಸೆಳೆದರು. ಕೃಷ್ಣಾಬಾಯಿ ಎಡಗೈಯಿಂದ ಸರಳನ್ನು ಅವುಚಿ ಹಿಡಿದು, ಕಣ್ಣು ಬಿಟ್ಟುಕೊಂಡು ಕೂತಿದ್ದರು. ಜೀವ ಇತ್ತು. ನೀಲಿಮಾ ತಾಯಿಯನ್ನು ತಬ್ಬಿ ಹೋ ಎಂದು ಅತ್ತಳು.

ಚಲುವರಾಜು ನೆಲಕ್ಕೆ ಕುಸಿದ. "ಮರಳು ಚೀಲ ಅಂದ್ಕೊಂಡೆ ಸಾರ್. ದೇವ್ರಾಣೆ."

"ಗಾಡಿ ಯಾಕ ಕದ್ದಿ?"

"ಹೋದ ವಾರ ಇಂದಾಪುರದ ಹತ್ರ ನಾನು ಮಾಡಿದ್ದ ಸೈಡ್‌ಕಾರ್ ಒಂದು ಕಳಚ್ಕೊಳ್ತು. ಒಳಗಿದ್ದೋರು ತೀರ್ಕೊಂಡ್ರು. ಇವ್ರ ಗಾಡಿ ಕ್ಲ್ಯಾಂಪಿಗೂ ಅದೇ ತೆಳು ಪೈಪ್ ಹಾಕಿದ್ದೆ."

"ಒಂದು ಫೋನ್ ಮಾಡಲಿಕ್ಕೆ ಏನ್ ಧಾಡಿ ಆಗಿತ್ತೋ ನಿನಗ?" ನೀಲಿಮಾ ಚೀರಿದಳು.

"ಹೇಳಿದ್ರೆ ಇಂದಾಪುರದ್ದೂ ನನ್ನ ತಪ್ಪೇ ಅಂತ ಒಪ್ಕೊಂಡಂಗಾಗ್ತಿತ್ತು ಮೇಡಂ. ಜೈಲಿಗೆ ಹೆದರ್ಕೊಂಡೆ. ಇವತ್ತು ಗಾಡಿ ಹುಡುಕ್ಕೊಂಡು ಬಂದೆ, ಅಂಗಡಿ ಮುಂದೆ ಕೀಲಿ ಅದ್ರಲ್ಲೇ ಇತ್ತು. ಕದ್ದು ಕತ್ತರಿಸಿ ಹಾಕಿದ್ರೆ ಇನ್ನೊಂದು ಜೀವ ಹೋಗಲ್ಲ, ನಾನೂ ಉಳ್ಕೋತೀನಿ ಅಂತ..."

ಒಂದೂಕಾಲಿಗೆ ಅವನನ್ನು ಬಂಧಿಸಿದರು. ಪಂಚನಾಮೆಗೆಂದು ಸಾಕ್ಷಿಗೆ ಕರೆಸಿದ್ದ ಇಬ್ಬರು ಪಂಚರು ಖಾಲಿ ಸೈಡ್‌ಕಾರನ್ನು ಹಿಂದಿನಿಂದ ತುಸು ಎತ್ತಿದರು. ಗ್ರೈಂಡರು ಮುಟ್ಟಿಯೇ ಇರದ ಹಿಂದಿನ ಕ್ಲ್ಯಾಂಪು ಲಟಕ್ಕನೆ ಮುರಿದು ಅವರ ಕೈಗೆ ಬಂತು. ಒಳಗೆಲ್ಲ ಹಳೆಯ ಬಿರುಕಿನ ತುಕ್ಕು.

ನೀಲಿಮಾ ಅದನ್ನೇ ನೋಡುತ್ತ ನಿಂತಳು. "ಇದರ ಮ್ಯಾಲೆ ಅವ್ವನ್ನ ಕೂಡಿಸ್ಕೊಂಡು ಹೊಂಟಿದ್ನೇನ್ರಿ ನಾ?"

ಬೆಲ್ಲದ ಮುರಿದ ಕ್ಲ್ಯಾಂಪನ್ನು ಚೀಲಕ್ಕೆ ಹಾಕಿ ಸೀಲು ಮಾಡಿದರು. ಜೀಪಿನೊಳಗೆ ಚಲುವರಾಜು ಮುಖ ಮುಚ್ಚಿಕೊಂಡು ಕೂತಿದ್ದ. ಈ ಗಾಡಿಯೂ ಕಳಚೀತೆಂಬ ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಒಂದು ವಾರವಿಡೀ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಷ್ಟೇ.