ಫೋಟೋದಲ್ಲಿಲ್ಲದ ತೊಟ್ಟಿ

ಫೋಟೋದಲ್ಲಿ ಹುಲ್ಲಿತ್ತು. ಬೇಲಿ ಇತ್ತು. ದನ ಇರಲಿಲ್ಲ. ನೀರಿನ ತೊಟ್ಟಿಯೂ ಇರಲಿಲ್ಲ.

"ಇದು ನಮ್ಮ ಹೊಲ ಅಲ್ಲ" ಎಂದರು ನೀಲಕಂಠಪ್ಪ. ಮತ್ತೊಮ್ಮೆ ನೋಡಿದರು. "ಹೌದು, ನಮ್ಮದ ಐತಿ. ತೊಟ್ಟಿ ಎಲ್ಲಿ ಹೋತು?"

ಅದು ಕೋರಲ್ ಕ್ರೀಕ್ ಕೌಂಟಿಯ ಆಸ್ತಿ ಮೌಲ್ಯಮಾಪನ ಕಚೇರಿ. ಆಸ್ಟಿನ್‌ನಿಂದ ಟೇಲರ್ ದಾಟಿ ಒಂದು ಗಂಟೆಯ ದಾರಿ. 2000ದ ಜುಲೈ. ಟೆಕ್ಸಸ್‌ನಲ್ಲಿ ದನ ಮೇಯುವ ಭೂಮಿಗೆ ತೆರಿಗೆ ಕಡಿಮೆ. ದನವಿಲ್ಲವೆಂದು ಕಚೇರಿ ಬರೆದರೆ ಆ ರಿಯಾಯಿತಿ ಹೋಗುತ್ತದೆ. ಹಿಂದಿನ ವರ್ಷಗಳ ಬಾಕಿಯೂ ತಲೆ ಮೇಲೆ ಬೀಳುತ್ತದೆ. ನಿವೃತ್ತ ರಸ್ತೆ ಎಂಜಿನಿಯರ್ ನೀಲಕಂಠಪ್ಪನವರಿಗೆ ಅದನ್ನು ಕಟ್ಟುವ ಶಕ್ತಿ ಇರಲಿಲ್ಲ. ಜಮೀನು ಮಾರಬೇಕಾಗುತ್ತಿತ್ತು. ಅವರು ತಕರಾರು ಸಲ್ಲಿಸಿದ್ದರು. ಸೋಮವಾರ ತೆರಿಗೆ ತಕರಾರು ಕೇಳುವ ಮಂಡಳಿಯ ಮುಂದೆ ವಿಚಾರಣೆ.

ಜೊತೆಗೆ ಬಂದಿದ್ದವಳು ಇಂದುಮತಿ. ಆಸ್ಟಿನ್‌ನ ಪತ್ರಿಕೆಯೊಂದರ ವರದಿಗಾರ್ತಿ, ಮೈಸೂರಿನವಳು. ಕನ್ನಡ ಸಂಘದಲ್ಲಿ ಪರಿಚಯ.

"ಕಳೆದ ತಿಂಗಳು ಅದೇ ಶುಕ್ರವಾರ ಯಾಕೆ ಹೋದಿರಿ?" ಎಂದು ಫೋಟೋ ತೆಗೆದಿದ್ದ ಅಧಿಕಾರಿಯನ್ನು ಕೇಳಿದಳು.

"ಅದಕ್ಕೆ ಒಂದು ವಾರ ಮುಂಚೆ ಫೋನ್ ಬಂದಿತ್ತು. ಗಂಡಸು. ಹೆಸರು ಹೇಳಲಿಲ್ಲ. ಅಲ್ಲಿ ದನವೇ ಇಲ್ಲ, ಶುಕ್ರವಾರ ಬೆಳಿಗ್ಗೆ ಬಂದು ನೋಡಿ ಎಂದ."

"ಬೇರೆ ದಿನ ಬೇಡವೆಂದನೆ?"

"ಶುಕ್ರವಾರವೇ ಎಂದು ಒತ್ತಿ ಹೇಳಿದ."

ಇಂದುಮತಿ ಫೋಟೋದ ಪ್ರತಿ ಕೇಳಿ ಪಡೆದಳು. ಹೊರಗೆ ಬಂದು ನೀಲಕಂಠಪ್ಪನವರಿಗೆ ಒಂದೇ ಮಾತು ಹೇಳಿದಳು: "ಅಂಕಲ್, ತೊಟ್ಟಿ ವಿಷಯ ಯಾರ ಹತ್ರನೂ ಬಾಯಿ ಬಿಡ್ಬೇಡಿ. ದನ ಕಾಣಲಿಲ್ಲವಂತೆ, ಅಷ್ಟೇ ಹೇಳಿ."

* * *

ಪತ್ರಿಕೆಯ ಫೋಟೋ ವಿಭಾಗದಲ್ಲಿ ಚಿತ್ರವನ್ನು ದೊಡ್ಡದು ಮಾಡಿಸಿದಳು. ಹುಲ್ಲಿನ ನಡುವೆ ಬಿಳಿಚಿದ ದುಂಡನೆಯ ಜಾಗ. ಸುತ್ತ ತುಳಿದು ಗಟ್ಟಿಯಾದ ನೆಲ. ಅದರ ತುಂಬ ಗೊರಸಿನ ಗುರುತು.

ಶನಿವಾರ ಹೊಲಕ್ಕೆ ಹೋದಳು. ತೊಟ್ಟಿ ತನ್ನ ಜಾಗದಲ್ಲೇ ಇತ್ತು. ತಗಡಿನ ದುಂಡು ತೊಟ್ಟಿ, ಕಂಠಮಟ್ಟ ನೀರು. ಕೊಳವೆಬಾವಿಯಿಂದ ನೀರು ತಾನಾಗಿ ಬಂದು ತುಂಬುತ್ತಿತ್ತು; ಅದನ್ನು ನಿಲ್ಲಿಸುವ ವಾಲ್ವ್ ಬೇಲಿ ಮೂಲೆಯ ಪೊದೆಯ ಮರೆಯಲ್ಲಿತ್ತು. ಅಂಚಿನಲ್ಲಿ ಕಲ್ಲು ಉಜ್ಜಿದ ಗೀರುಗಳು. ಯಾರೋ ನೀರು ಚೆಲ್ಲಿ ಉರುಳಿಸಿಕೊಂಡು ಹೋಗಿದ್ದಾರೆ. ಆಮೇಲೆ ತಂದು ತುಂಬಿಸಿದ್ದಾರೆ.

"ಸರಿ, ಅವತ್ತು ದನ ಎಲ್ಲಿದ್ವು ಅಂಕಲ್?"

ನೀಲಕಂಠಪ್ಪ ಕೆಮ್ಮಿದರು. "ಮನಿ ಹಿಂದ."

"ಎಲ್ಲಾನೂ?"

ಅವರ ಹೆಂಡತಿ ನಿಂಗವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ಹೇಳ್ರಿ, ಅದರಾಗೇನು ನಾಚಿಕಿ? ಅವತ್ತ ಕಾರಹುಣ್ಣಿಮಿ ತಂಗಿ. ಎಲ್ಲಾ ದನ ಮನಿಗೆ ಹೊಡಕೊಂಡು ಬಂದು, ಮೈ ತೊಳದು, ಕೋಡಿಗೆ ಬಣ್ಣ ಹಚ್ಚಿ, ಹುಗ್ಗಿ ತಿನಿಸಿದ್ವಿ."

"ದನದ ಹಬ್ಬ ಸಂಕ್ರಾಂತಿಗಲ್ವಾ ಆಂಟಿ?"

"ಅಯ್ಯ, ಅದು ನಿಮ್ಮ ಮೈಸೂರಾಗ! ನಮ್ಮ ಕಡೆ ಮುಂಗಾರಿಗೆ ಮೊದಲನೇ ಹಬ್ಬ ಇದು."

"ಕಚೇರ್ಯಾಗ ಇದನ್ನ ಹೇಳಿದ್ರ ನಗ್ತಾರವಾ" ಎಂದರು ನೀಲಕಂಠಪ್ಪ. "ಟೆಕ್ಸಸ್ ದನಕ್ಕ ಕೋಡಿನ ಬಣ್ಣ!"

ಇಂದುಮತಿಗೆ ನಗು ಬರಲಿಲ್ಲ. ಕುತೂಹಲ ಕೆರಳಿತ್ತು. ಮನೆ ದಿಬ್ಬದ ಆಚೆ, ರಸ್ತೆಯಿಂದ ಕಾಣದು. ಆ ಬೆಳಿಗ್ಗೆ ಹುಲ್ಲುಗಾವಲು ಖಾಲಿಯಿರುತ್ತದೆಂದು ಒಂದು ವಾರ ಮುಂಚೆಯೇ ಯಾರಿಗೆ ಗೊತ್ತಿತ್ತು?

"ಈ ಜಮೀನು ಯಾರಿಗೆ ಬೇಕಾಗಿದೆ?"

"ಹ್ಯೂಸ್ಟನ್ ಹತ್ತರದ ವುಡ್‌ಲ್ಯಾಂಡ್ಸ್‌ನ ವೆಂಕಟಗಿರಿಗೆ" ಎಂದರು ನಿಂಗವ್ವ. "ವಾರದ ರಜೆಗೆ ಮನಿ ಕಟ್ಟಸ್ತಾನಂತ. ಎರಡು ಸಲ ಬಂದು ಕೇಳ್ಯಾನ. ನಾ ಒಲ್ಲೆ ಅಂದೆ. ನನ್ನ ತಮ್ಮ ಚಿದಾನಂದಂದೂ ಇದರಾಗ ಅರ್ಧ ಪಾಲು ಐತಿ. ಮಾರೂದಿಲ್ಲ ಅಂತ ಅವಂಗೂ ಹೇಳೇನಿ."

* * *

ವೆಂಕಟಗಿರಿ ಮೈಸೂರಿನವರು, ಹ್ಯೂಸ್ಟನ್ ಕಡೆಯ ತೈಲ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಫೋನಿನಲ್ಲಿ ಜೋರಾಗಿ ನಕ್ಕರು.

"ಕಾರಹುಣ್ಣಿಮೆನಾ? ಅದೇನ್ರೀ, ವ್ರತನಾ? ನೋಡಿ, ಆ ಜಾಗ ನಾನು ಕೇಳಿದ್ದೇ ತೆರಿಗೆ ಕಮ್ಮಿ ಅಂತ. ಅವರ ದನ ಹಾಗೇ ಮೇಯ್ಕೊಂಡಿರ್ಲಿ ಅಂತಾನೂ ಹೇಳಿದ್ದೆ. ರಿಯಾಯಿತಿ ಹೋದ್ರೆ ನಂಗ್ಯಾಕ್ರೀ ಅದು?"

ಮಾತು ನಿಜ. ರಿಯಾಯಿತಿ ಹೋದರೆ ಅವರಿಗೂ ನಷ್ಟವೇ.

* * *

ಭಾನುವಾರ ಮಧ್ಯಾಹ್ನ ರಾಜ್ಯದ ಉತ್ತರ ಭಾಗದ ಲಾಸ್ ಕೊಲಿನಾಸ್‌ನಿಂದ ಚಿದಾನಂದ್ ಬಂದ. ಅಲ್ಲಿ ಸ್ವಂತ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದ್ದ. ಅಕ್ಕನ ಕೈಯ ಜೋಳದ ರೊಟ್ಟಿ ಮುರಿಯುತ್ತ ನಿಟ್ಟುಸಿರಿಟ್ಟ.

"ಅಕ್ಕಾ, ಇದನ್ನ ಬಿಟ್ಟಬಿಡು. ತೊಟ್ಟಿ ಸುದ್ದಾ ಇಲ್ಲದ ಫೋಟೋ ಅವರ ಕೈಯಾಗ ಐತಿ. ಬೋರ್ಡಿನವರು ನಮ್ಮ ಮಾತು ಕೇಳ್ತಾರೇನು?"

ನೀಲಕಂಠಪ್ಪ ಎದುರಿಗೆ ಊಟಕ್ಕೆ ಕೂತಿದ್ದ ಇಂದುಮತಿಯ ಕಡೆ ತಿರುಗಿದರು.

"ಫೋಟೋದಲ್ಲಿ ತೊಟ್ಟಿ ಇಲ್ಲ ಅಂತ ನಿಮಗ್ಯಾರು ಹೇಳಿದ್ರು?" ಎಂದಳು ಇಂದುಮತಿ.

"ಅಕ್ಕ... ಫೋನ್‌ನ್ಯಾಗ."

"ನಾ ಹೇಳಿಲ್ಲ" ಎಂದರು ನಿಂಗವ್ವ. "ದನ ಕಾಣಲಿಲ್ಲಂತ, ಅಷ್ಟ ಹೇಳಿದ್ದೆ."

ಇಂದುಮತಿ ದನಿ ಏರಿಸಲಿಲ್ಲ. "ಹಬ್ಬದ ತಾರೀಕು ವರ್ಷ ವರ್ಷ ಬದಲಾಗುತ್ತೆ. ಅಕ್ಕಪಕ್ಕದ ಅಮೆರಿಕನ್ನರಿಗೆ ಅದು ಮುಂಚೆ ಗೊತ್ತಾಗೋಕೆ ಸಾಧ್ಯ ಇಲ್ಲ. ಮೈಸೂರಿನ ವೆಂಕಟಗಿರಿಯವರಿಗೆ ಆ ಹಬ್ಬದ ಹೆಸರೇ ಗೊತ್ತಿಲ್ಲ. ಪಂಚಾಂಗ ನೋಡಿ ದಿನ ಹೇಳೋನು ನಿಮ್ಮ ಕಡೆಯವನೇ ಆಗ್ಬೇಕು. ತೊಟ್ಟಿ ಕಂಡ್ರೆ ದನ ಎಲ್ಲೋ ನೆರಳಲ್ಲಿ ನಿಂತಿರಬಹುದು ಅಂತ ಅಧಿಕಾರಿ ಹುಡುಕ್ತಾನೆ, ಅದಕ್ಕೇ ನೀರಿನ ಗುರುತೂ ಅಳಿಸಿದ್ರಿ. ಕೊಳವೆಬಾವಿಯ ವಾಲ್ವ್ ಮುಚ್ಚದೆ ಆ ತೊಟ್ಟಿ ಖಾಲಿ ಆಗಲ್ಲ. ಆ ವಾಲ್ವ್ ಎಲ್ಲಿದೆ ಅನ್ನೋದು ಮನೆಯವರಿಗಷ್ಟೇ ಗೊತ್ತು. ಇನ್ನೊಂದು ವಿಷಯ. ಹೊರಗಿನವನಾಗಿದ್ರೆ ತೊಟ್ಟಿ ಬಿಸಾಕಿ ಹೋಗ್ತಿದ್ದ. ಹಬ್ಬದ ದಿನ ದನ ಬಾಯಾರಬಾರದು ಅಂತ ತಂದಿಟ್ಟು ನೀರು ತುಂಬಿಸಿದೋನು ಹೊರಗಿನೋನಲ್ಲ."

ಚಿದಾನಂದ್ ತಟ್ಟೆ ಪಕ್ಕಕ್ಕೆ ಸರಿಸಿದ. "ಕಂಪನಿ ಮುಳುಗಾಕತ್ತೈತಿ ಅಕ್ಕಾ. ನೀ ಹಂಗ ಕೇಳಿದ್ರ ಮಾರ್ತಿದ್ದಿಲ್ಲ. ತೆರಿಗಿ ಬಾಕಿ ಬಿದ್ರ ಮಾರ್ತೀ ಅಂತ ಮಾಡಿದೆ."

"ಕಳ್ಳ!" ಎಂದರು ನೀಲಕಂಠಪ್ಪ.

ನಿಂಗವ್ವ ಗಂಡನನ್ನು ಕಣ್ಣಲ್ಲೇ ತಡೆದರು. "ನಾಳೆ ಬೋರ್ಡಿನ ಮುಂದ ಈ ಮಾತು ಯಾರು ಹೇಳ್ತಾರ? ಈ ತಂಗಿ ಹೇಳಬೇಕೋ, ನೀ ಹೇಳ್ತೀಯೋ?"

* * *

ಸೋಮವಾರ ಚಿದಾನಂದನೇ ಎದ್ದು ನಿಂತು ಹೇಳಿದ. ಇಂದುಮತಿ ಗೊರಸಿನ ಗುರುತಿದ್ದ ದೊಡ್ಡ ಚಿತ್ರವನ್ನು ಮೇಜಿನ ಮೇಲಿಟ್ಟಳು. ಮಂಡಳಿಯಲ್ಲಿದ್ದ ಮುದಿ ದನಗಾರನೊಬ್ಬ ಕನ್ನಡಕ ಹಣೆಗೇರಿಸಿ ಅದನ್ನೇ ಬಹಳ ಹೊತ್ತು ನೋಡಿದ. ಯಾರೂ ನಗಲಿಲ್ಲ. ರಿಯಾಯಿತಿ ಉಳಿಯಿತು.

ಹೊರಗೆ ಕಾರಿನ ಪಕ್ಕ ಚಿದಾನಂದ್ ತಲೆ ತಗ್ಗಿಸಿ ನಿಂತಿದ್ದ.

"ಪಾಲು ಮಾಡೂಣು" ಎಂದರು ನಿಂಗವ್ವ. "ರಸ್ತಿ ಕಡಿದು ನಿಂದು. ಮಾರ್ಕೋ, ಕಂಪನಿ ಉಳಿಸ್ಕೋ."

ಅವನು ತಟ್ಟನೆ ತಲೆ ಎತ್ತಿದ. ಬೆಲೆ ಹೆಚ್ಚಿದ್ದದ್ದು ರಸ್ತೆ ಕಡೆಯದ್ದಕ್ಕೇ. "ಸಿಟ್ಟಿಲ್ಲೇನು ಅಕ್ಕಾ?"

"ಐತಿ. ಅದಕ್ಕ ನಡುವ ಬೇಲಿ ಹಾಕಸ್ತೇನಿ" ಎಂದು ನಿಂಗವ್ವ ಕಾರಿನ ಬಾಗಿಲು ತೆರೆದರು. "ಖರ್ಚು ನಿಂದು."